ಬಿಲಕ್ಕೆ ಹೊಡೆಯುವ ಡೆಲ್ಟಾಮೆಥ್ರಿನ್ ಪುಡಿ: ಫೆರೆಟ್ ಉಳಿಸಲು ಎಷ್ಟು ನೆಚ್ಚಬಹುದು?

ರೇಟಿಂಗ್: ಐದಕ್ಕೆ ನಾಲ್ಕು

ಅಮೆರಿಕದ ಹುಲ್ಲುಗಾವಲಿನ ಕಪ್ಪುಕಾಲಿನ ಫೆರೆಟ್‌ಗೆ (ಮುಂಗುಸಿಯಂತೆ ಕಾಣುವ ಸಣ್ಣ ಬೇಟೆಪ್ರಾಣಿ) ಸ್ವಂತ ಮನೆಯಿಲ್ಲ. ಅಳಿಲಿನ ಜಾತಿಯ ಪ್ರೇರಿ ಡಾಗ್ ತೋಡಿದ ಬಿಲದಲ್ಲೇ ವಾಸ, ರಾತ್ರಿ ಅಲ್ಲಿ ಮಲಗಿದ ಪ್ರೇರಿ ಡಾಗೇ ಊಟ. ಆಹಾರದಲ್ಲಿ ಸುಮಾರು ಶೇ. 90 ಅದೇ. ಪ್ಲೇಗ್ ಬಂತೆಂದರೆ ಫೆರೆಟ್ ಚಿಗಟ ಕಚ್ಚಿಸಿಕೊಂಡೂ ಸಾಯುತ್ತದೆ, ಸೋಂಕಿತ ಬೇಟೆ ತಿಂದೂ ಸಾಯುತ್ತದೆ. ಲಸಿಕೆ ಇದೆ, ಆದರೆ ಪ್ರತಿ ಫೆರೆಟನ್ನೂ ಎರಡು ಸಲ ಹಿಡಿದು ಚುಚ್ಚಬೇಕು. ಚುಚ್ಚಿಸಿಕೊಂಡದ್ದೂ ಪ್ರೇರಿ ಡಾಗ್ ಅಳಿದ ಬಯಲಲ್ಲಿ ಹೊಟ್ಟೆಗಿಲ್ಲದೆ ಸಾಯುತ್ತದೆ. ಫೆರೆಟ್, ಪ್ರೇರಿ ಡಾಗ್ ಇಬ್ಬರನ್ನೂ ಒಟ್ಟಿಗೆ ಕಾಯುವುದು ಚಿಗಟ ಕೊಲ್ಲುವ ಈ ಕೀಟನಾಶಕ ಪುಡಿ.

ಪುಡಿಯಲ್ಲಿ ಡೆಲ್ಟಾಮೆಥ್ರಿನ್ ಪ್ರಮಾಣ ಶೇ. 0.05. ಒಂದು ಬಿಲಕ್ಕೆ 4ರಿಂದ 5 ಗ್ರಾಂ ಸಾಕು. ನಳಿಕೆಯನ್ನು ಆದಷ್ಟು ಒಳಗೆ ತೂರಿಸಿ ಊದಬೇಕು. ಬಿಲದ ಬಾಯಲ್ಲೇ ಚೆಲ್ಲಿದರೆ ಗಾಳಿಗೆ ಹಾರುತ್ತದೆ. ಒಳಗೆ ಕೂತ ಪುಡಿ ಓಡಾಡುವ ಪ್ರಾಣಿಯ ತುಪ್ಪಳಕ್ಕೆ ಅಂಟಿ ಚಿಗಟವನ್ನು ಕೊಲ್ಲುತ್ತದೆ. ಒದ್ದೆ ದಿನ ಕೆಲಸ ಬೇಡವೇ ಬೇಡ: ಪುಡಿ ಗಂಟುಕಟ್ಟಿ ನಳಿಕೆ ಕಟ್ಟಿಕೊಳ್ಳುತ್ತದೆ. ತೆರೆದ ಬಿಲ ಒಂದನ್ನೂ ಬಿಡಬಾರದು. ಪ್ರೇರಿ ಡಾಗ್ ಸತ್ತ ಬಿಲದ ಬಾಯಲ್ಲಿ ಹಸಿದ ಚಿಗಟಗಳು ಮುಂದಿನ ಮೈಗಾಗಿ ಕಾಯುತ್ತಿರುತ್ತವೆ. ಕೆಲಸ ಆಯಿತೋ ಇಲ್ಲವೋ ನೋಡಲು ಬಾಗುವ ಉಕ್ಕಿನ ಕೇಬಲ್ ತುದಿಗೆ ಬಿಳಿ ಫ್ಲಾನೆಲ್ ಕಟ್ಟಿ ಬಿಲಕ್ಕೆ ತೂರಿಸಿ ಎಳೆಯಿರಿ. ಬಟ್ಟೆಯ ಮೇಲೆ ಕಪ್ಪು ಚುಕ್ಕೆಗಳು ಕುಣಿದರೆ ಅವು ಚಿಗಟ, ಮತ್ತೆ ಹೊಡೆಯಬೇಕು.

ಒಂದು ಅಂಕ ಕಳೆದದ್ದು ಯಾಕೆ? ಮೈಮುರಿಯುವ ಕೆಲಸ, ಬಿಲದಿಂದ ಬಿಲಕ್ಕೆ ನಡೆಯಲೇಬೇಕು, ಅದೂ ವರ್ಷವರ್ಷ. ಬಿಲದಲ್ಲಿರುವ ಬೇರೆ ಹುಳಗಳೂ ಸಾಯುತ್ತವೆ. ಮೀನಿಗೆ ವಿಷ, ಆದ್ದರಿಂದ ಹಳ್ಳಕೊಳ್ಳದ ಹತ್ತಿರ ಎಚ್ಚರ. ಎಲ್ಲಕ್ಕಿಂತ ದೊಡ್ಡ ತೊಂದರೆ, ಒಂದೇ ಔಷಧ ಹಲವು ವರ್ಷ ಹೊಡೆದ ಕಡೆ ಚಿಗಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ದಕ್ಷಿಣ ಡಕೋಟದಲ್ಲಿ ಇದು ಕಂಡಿದೆ. ಆಗ ಡೋಸ್ ಏರಿಸುವುದು ದಡ್ಡತನ. ಬೇರೆ ಗುಂಪಿನ ಕೀಟನಾಶಕ ಫಿಪ್ರೊನಿಲ್ ಬೆರೆಸಿ ಪ್ರೇರಿ ಡಾಗ್‌ಗೆ ತಿನ್ನಿಸುವ ಕಾಳಿಗೆ ಬದಲಾಗಬೇಕು.

ಇನ್ನೊಂದು ದಾರಿಯೂ ಇದೆ: ಪ್ರೇರಿ ಡಾಗ್‌ಗಾಗಿ ಕಡಲೆಕಾಯಿ ಬೆಣ್ಣೆ ರುಚಿಯ ಪ್ಲೇಗ್ ಲಸಿಕೆ ಉಂಡೆ ಎರಚುವುದು ಸುಲಭ, ಡ್ರೋನ್‌ನಿಂದಲೂ ಆಗುತ್ತದೆ. ತಿಂದ ಪ್ರೇರಿ ಡಾಗಿನ ಮೀಸೆಯಲ್ಲಿ ಉಂಡೆಗೆ ಬೆರೆಸಿದ ರೋಡಮಿನ್ ಬಣ್ಣ ಹೊಳೆಯುತ್ತದೆ, ಯಾರು ತಿಂದರು ಎಂದು ಗೊತ್ತಾಗುತ್ತದೆ. ಆದರೆ ರಕ್ಷಣೆ ಬರಲು ವಾರಗಳು ಬೇಕು. ಪ್ಲೇಗ್ ಪಕ್ಕದ ಪ್ರೇರಿ ಡಾಗ್ ಕಾಲೊನಿಗೆ ಬಂದಾಗಿದ್ದರೆ ಪುಡಿಯನ್ನೇ ಹಿಡಿಯಿರಿ.