ಇಪ್ಪತ್ತು ಪೌಂಡಿನ ಹಳೇ ಪೆಟ್ಟಿಗೆ

ಪುಟ್ಟ ಉಗಿ ಎಂಜಿನ್ ಮಾದರಿಗಳನ್ನು ಕೈಯಾರೆ ಕಟ್ಟುವ ಹುಚ್ಚಿನವರ ಕ್ಲಬ್ ನಮ್ಮದು, ಇಂಗ್ಲೆಂಡಿನ ಡರ್ಬಿಯಲ್ಲಿ. ಅಲ್ಲಿ ಹಳೇ ಸಾಮಾನು ಮಾರುವಾಗ 'ಮಾಡೆಲ್ ಎಂಜಿನಿಯರ್' ಪತ್ರಿಕೆಯ ಹಳೇ ಸಂಚಿಕೆಗಳ ಒಂದು ಪೆಟ್ಟಿಗೆ 20 ಪೌಂಡಿಗೆ ಸಿಕ್ಕಿತು. ತೆರೆದರೆ ಬೂಷ್ಟಿನ ವಾಸನೆ. ಕೆಲವು ಪುಟಗಳ ಮೇಲೆ ಯಾರದೋ ಗ್ರೀಸಿನ ಹೆಬ್ಬೆಟ್ಟು. ಅಡುಗೆ ಪುಸ್ತಕದಲ್ಲಿ ಅರಿಶಿನದ ಕಲೆ ಇದ್ದ ಪುಟವನ್ನೇ ನಂಬಬೇಕು, ಅಲ್ವಾ? ಹಾಗೇ ಇದೂ.

ಈ ಪತ್ರಿಕೆ ಶುರುವಾಗಿದ್ದು 1898ರಲ್ಲಿ. ನಾನು ಪೆಟ್ಟಿಗೆ ಎತ್ತಿಕೊಂಡಿದ್ದು ಒಬ್ಬ ಲೇಖಕನಿಗಾಗಿ. ಅವನ ಅಂಕಿತ ಎಲ್‌ಬಿಎಸ್‌ಸಿ. ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಹೆಸರಿನಿಂದ ಕಿತ್ತುಕೊಂಡದ್ದು. 1920ರ ದಶಕದಿಂದ ಬರೆಯುತ್ತಾ ಬಂದ, 1967ರಲ್ಲಿ ತೀರಿಕೊಂಡ. ನನಗೆ ಬೇಕಿದ್ದದ್ದು ಅವನ 'ಟಿಚ್' ಎಂಬ ಪುಟ್ಟ ಉಗಿ ಎಂಜಿನ್ ಕಟ್ಟುವುದನ್ನು ಹೇಳಿಕೊಡುವ ಧಾರಾವಾಹಿ. ಟಿಚ್‌ಗೆ ನಾಲ್ಕೇ ಚಕ್ರ, ಹಳಿಯ ಅಗಲ ಮೂರೂವರೆ ಇಂಚು.

ಆಕಾರದ ನಿಖರತೆ ನೋಡುವವರಿಗೆ ಟಿಚ್ ಇಷ್ಟವಾಗುವುದಿಲ್ಲ. ಅದು ಯಾವ ನಿಜವಾದ ಎಂಜಿನ್ನಿನ ನಕಲೂ ಅಲ್ಲ. ಆದರೆ ಬರವಣಿಗೆ ನೋಡಿ. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಹೇಳಿದ ಹಾಗಿದೆ. ಬಾಯ್ಲರಿನ ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಂಡು ಅಂಚು ಬಡಿಯಬೇಕು. ಬಡಿಯುತ್ತಾ ಹೋದಂತೆ ಅದು ಗಟ್ಟಿಯಾಗುತ್ತದೆ, ಆಗ ಮತ್ತೆ ಕಾಯಿಸಬೇಕು. ಇದು ಗೊತ್ತಿಲ್ಲದವನು ಎರಡನೇ ಏಟಿಗೇ ತಗಡು ಸೀಳಿಸಿಕೊಳ್ಳುತ್ತಾನೆ. ಆ 'ಗೊತ್ತಿಲ್ಲದವನ' ನೆನಪು ಈ ಮನುಷ್ಯನಿಗೆ ಯಾವಾಗಲೂ ಇರುತ್ತದೆ.

ಇದಕ್ಕೆ ಮುಂಚೆ ನಾನು ಇನ್ನೊಂದು ಪತ್ರಿಕೆಯ ಧಾರಾವಾಹಿ ಹಿಡಿದಿದ್ದೆ. ಹೆಸರು ಬೇಡ. ಅದರ ಲೇಖಕರು ನಿಖರತೆಯಲ್ಲಿ ಮಹಾ ಶಿಸ್ತು. ರಿವೆಟ್ ಎಣಿಸಿ ಹೇಳಿದ್ದರು. ರಿಪೇರಿಗೆ ಹೋದ ನಿಜವಾದ ಎಂಜಿನ್ ಬೇರೆ ಬಾಯ್ಲರ್ ಹಾಕಿಸಿಕೊಂಡು ಬರುತ್ತಿತ್ತು, ಹಾಗಾಗಿ ಯಾವ ವರ್ಷದ ರೂಪ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ ಅಂತಲೂ ಬರೆದಿದ್ದರು. ಒಳ್ಳೆಯ ಮಾತು, ಈಗಲೂ ಪಾಲಿಸುತ್ತೇನೆ. ಆದರೆ ಒಂದು ಚಿತ್ರದಲ್ಲಿ ತೂತುಗಳ ಅಂತರ ತಪ್ಪಾಗಿತ್ತು. ತಿದ್ದುಪಡಿ ಬಂದಿದ್ದು ಮೂರು ಸಂಚಿಕೆ ಆದ ಮೇಲೆ. ಅಷ್ಟರಲ್ಲಿ ನನ್ನ ಎಂಜಿನ್ನಿನ ಎರಡೂ ಬದಿಯ ಫ್ರೇಮ್ ಗುಜರಿಗೆ ಹೋಗಿದ್ದವು.

ಇನ್ನೊಂದು ಸಿಟ್ಟು. ನಿಖರತೆಯಲ್ಲಿ ಎಲ್ಲಿ ರಾಜಿ ಮಾಡಿಕೊಂಡಿದ್ದೇನೆ ಅಂತ ಅವರು ಹೇಳಲೇ ಇಲ್ಲ. ಮೂರೂವರೆ ಇಂಚಿನ ಹಳಿಗೆ ಮಾದರಿ ಹದಿನಾರನೇ ಒಂದು ಅಳತೆಗೆ ಬರುತ್ತದೆ. ದೊಡ್ಡ ಎಂಜಿನ್ನಿನ ಬಾಯ್ಲರಿನೊಳಗೆ ಬಿಸಿ ಹೊಗೆ ಹಾಯುವ 2 ಇಂಚಿನ ಕೊಳವೆ ಇಲ್ಲಿ 3 ಮಿಲಿಮೀಟರ್. ಅಷ್ಟು ಸಣ್ಣದು ಮಸಿ ಕಟ್ಟಿಕೊಂಡು ಮುಚ್ಚಿಹೋಗುತ್ತದೆ. ಅದಕ್ಕೇ ಎಲ್ಲರೂ ದಪ್ಪ ಕೊಳವೆ, ಕಡಿಮೆ ಸಂಖ್ಯೆಯಲ್ಲಿ ಹಾಕುತ್ತಾರೆ. ಅವರೂ ಹಾಕಿದ್ದರು. ಯಾಕೆ ಅಂತ ಒಂದು ಸಾಲು ಬರೆದಿದ್ದರೆ ಗಂಟು ಹೋಗುತ್ತಿತ್ತಾ?

ಟಿಚ್ ಓದುವಾಗ ಆ ಗೋಳಿಲ್ಲ. ಒಂದು ಭಾನುವಾರ ಮೈಸೂರಿನಲ್ಲಿರುವ ಅಪ್ಪನಿಗೆ ವಿಡಿಯೋ ಕಾಲಿನಲ್ಲಿ ಎರಡು ಪುಟ ಕನ್ನಡ ಮಾಡಿ ಹೇಳಿದೆ. ಅವರು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಕಣ್ಣು ಮುಚ್ಚಿಕೊಂಡು ಕೇಳಿ, "ಇವನು ಕೈ ಕಪ್ಪು ಮಾಡಿಕೊಂಡವನು ಕಣೋ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕೊರತೆಗಳೂ ಇವೆ. ಅಳತೆಯೆಲ್ಲ ಇಂಚಿನ ಭಿನ್ನರಾಶಿ, ಸ್ಕ್ರೂಗಳೆಲ್ಲ ಬಿಎ ಅನ್ನುವ ಹಳೇ ಬ್ರಿಟಿಷ್ ಅಳತೆಯವು. ಮೆಟ್ರಿಕ್‌ನಲ್ಲಿ ಬೆಳೆದವರು ಗೋಡೆಗೆ ಒಂದು ಪಟ್ಟಿ ಅಂಟಿಸಿಕೊಳ್ಳಿ. ಆಗದವರನ್ನು ಚುಚ್ಚುವ ಚಾಳಿಯೂ ಈ ಪುಣ್ಯಾತ್ಮನಿಗೆ ಜಾಸ್ತಿ. ಆ ಪ್ಯಾರಾಗಳನ್ನು ಸುಮ್ನೆ ದಾಟಿಬಿಡಿ. ಮತ್ತೆ, ಬಾಯ್ಲರ್ ವಿಷಯದಲ್ಲಿ ಹಳೇ ಲೇಖನ ಒಂದನ್ನೇ ನಂಬಬೇಡಿ, ಕ್ಲಬ್ಬಿನ ಪರೀಕ್ಷಕರಿಗೆ ಮೊದಲೇ ತೋರಿಸಿ. ನನ್ನ ಬಾಯ್ಲರ್ ಚದರ ಇಂಚಿಗೆ 80 ಪೌಂಡ್ ಒತ್ತಡದ್ದು. ಮೊದಲ ಪರೀಕ್ಷೆಯಲ್ಲಿ ನೀರು ತುಂಬಿ 160ಕ್ಕೆ ಏರಿಸಿದರು. ಒಂದು ಬೆಸುಗೆ ಬೆವರಿತು, ಮನೆಗೆ ವಾಪಸ್ ತಂದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಪೆಟ್ಟಿಗೆಯಲ್ಲಿ ಎರಡು ಸಂಚಿಕೆ ಕಾಣೆಯಾಗಿದ್ದಕ್ಕೆ. ಅದರಲ್ಲಿ ಒಂದು, ನೀರಿನ ಪಂಪ್ ಇದ್ದದ್ದು.