ಹಳೆ ಡಿಂಕಿ, ಮ್ಯಾಚ್‌ಬಾಕ್ಸ್, ಸೆಂಟಿ: ನಂದಿ ಹಾಲ್ಟ್ ಪಕ್ಕ ಯಾವುದು ಒಪ್ಪುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ಹಳೆ ಆಟಿಕೆ ಕಾರು, ಲಾರಿ ಕೂಡಿಸುವ ಹುಚ್ಚಿನ ಜೊತೆಗೆ ಒಂದು ಪುಟ್ಟ ರೈಲ್ವೆ ಸ್ಟೇಷನ್ ಕಟ್ಟುವ ಆಸೆಯೂ ನಿಮಗಿದ್ದರೆ, ಮೊದಲು ಗಾಡಿ ಕೊಳ್ಳಬೇಡಿ. ಮನುಷ್ಯರನ್ನು ಕೊಳ್ಳಿ. ಷೋಕೇಸಿನಲ್ಲಿ ಒಂಟಿಯಾಗಿ ನಿಂತ ಕಾರು ಯಾವ ಅಳತೆಯದ್ದಾದರೂ ಚೆನ್ನಾಗಿಯೇ ಕಾಣುತ್ತದೆ. ಅದರ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸಿದ ಕ್ಷಣ ಸುಳ್ಳು ಬಯಲಾಗುತ್ತದೆ.

ನನ್ನದು ಚಿಕ್ಕಬಳ್ಳಾಪುರ. ಮಹಡಿ ಕೋಣೆಯ ಹಲಗೆ ಮೇಲೆ ಕಟ್ಟುತ್ತಿರುವುದು ನಂದಿ ಬೆಟ್ಟದ ಕಡೆಯ ಪುಟ್ಟ ಸ್ಟೇಷನ್ ನಂದಿ ಹಾಲ್ಟ್, ಅದೂ ಈಗಿನದ್ದಲ್ಲ, ನ್ಯಾರೋ ಗೇಜ್ ಕಾಲದ್ದು. ಆ ಹಳಿ ಎರಡೂವರೆ ಅಡಿ ಅಗಲ, ಅಂದರೆ 762 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ 9 ಮಿಲಿಮೀಟರ್ ಎನ್ ಗೇಜ್ ಹಳಿಯನ್ನು ಎಚ್‌ಓ ಅಳತೆಯಲ್ಲಿ, ಅಂದರೆ ನಿಜದ್ದರ 87ನೇ ಒಂದು ಪಾಲು ಎಂಬ 1:87ರಲ್ಲಿ ಲೆಕ್ಕ ಹಾಕಿದರೆ 783 ಬರುತ್ತದೆ. ಬ್ರಿಟಿಷರ ಓಓ ಅಳತೆ 1:76.2. ಅದರಲ್ಲಿ ಹಾಕಿದರೆ 686ಕ್ಕೆ ಇಳಿಯುತ್ತದೆ. ನಮ್ಮ ಹಳೆ ಪುಟ್ಟ ರೈಲಿಗೆ 1:87 ಹತ್ತಿರ, ಅದಕ್ಕೇ ಅದನ್ನು ಹಿಡಿದೆ. ಇವತ್ತಿನ ಬ್ರಾಡ್ ಗೇಜ್ ಮಾಡಲು ಹೊರಟವರ ಪಾಡು ಬೇರೆ. 1676 ಮಿಲಿಮೀಟರ್ ಹಳಿಗೆ ಎಚ್‌ಓದಲ್ಲಿ 19 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಬೇಕು, ಮಾಮೂಲಿಯಾಗಿ ಸಿಗುವ ಹಳಿ 16.5 ಮಾತ್ರ. ಅಂದಹಾಗೆ ಬ್ರಾಡ್ ಗೇಜ್ ಅಂದರೆ ಐದೂವರೆ ಅಡಿ, ಒಬ್ಬ ಸಾಧಾರಣ ಆಳಿನ ಎತ್ತರ. ಹಾಗಾಗಿ ಎಚ್‌ಓ ಮನುಷ್ಯ ಎಂದರೆ ಸುಮಾರು 19 ಮಿಲಿಮೀಟರ್ ಎಂದು ನೆನಪಿಟ್ಟುಕೊಂಡರೆ ಸಾಕು, ಜೇಬಿನಲ್ಲಿ ಒಂದು ಸಣ್ಣ ಸ್ಕೇಲ್ ಇಟ್ಟುಕೊಂಡು ಯಾವ ಗುಜರಿ ಅಂಗಡಿಗೆ ಬೇಕಾದರೂ ಹೋಗಬಹುದು.

ಈಗ ಗಾಡಿಗಳು.

ಡಿಂಕಿಯಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಲಿವರ್‌ಪೂಲಿನ ಬಿನ್ಸ್ ರಸ್ತೆಯ ಮೆಕ್ಕಾನೊ ಕಾರ್ಖಾನೆಯ ಮಾಲು, ಫ್ರಾಂಕ್ ಹಾರ್ನ್‌ಬಿಯ ಕಂಪನಿ. ಅವರು ಕೂಡ ಕಾರಿನಿಂದ ಶುರು ಮಾಡಲಿಲ್ಲ. 1931ರಲ್ಲಿ ಹಾರ್ನ್‌ಬಿ ರೈಲಿನ ಜೊತೆಗೆ ಇಡಲು ಸೀಸದ ಸ್ಟೇಷನ್ ಸಿಬ್ಬಂದಿಯ ಸೆಟ್ ಬಿಟ್ಟರು. ಪೋರ್ಟರ್, ಗಾರ್ಡ್, ಇಂಥವರು. ಕಾರು, ಲಾರಿಗಳ ಸೆಟ್ ಬಂದಿದ್ದು 1933ರ ಕೊನೆಗೆ, ಡಿಂಕಿ ಎಂಬ ಹೆಸರು ಬಿದ್ದಿದ್ದು 1934ರಲ್ಲಿ. ಅಂದರೆ ಮೊದಲು ಪ್ಲಾಟ್‌ಫಾರ್ಮಿನ ಜನ, ಆಮೇಲೆ ಸ್ಟೇಷನ್ ಹೊರಗೆ ಕಾಯುವ ಗಾಡಿ. ನಾನು ಹೇಳುತ್ತಿರುವುದೂ ಅದನ್ನೇ ಅಲ್ವಾ?

ಇಂಗ್ಲೆಂಡಿನ ಡಿಂಕಿ ನಮ್ಮ ಕಡೆ ಸಿಗಬೇಕಾದರೆ ಕೆಜಿಎಫ್ ಕಡೆ ಮೂಗು ತೂರಿಸಬೇಕು. ಬ್ರಿಟಿಷರು, ಆಂಗ್ಲೋ ಇಂಡಿಯನ್ ಕುಟುಂಬಗಳು ಇದ್ದ ಊರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳು ಖಾಲಿಯಾದವು. ರಾಬರ್ಟ್‌ಸನ್‌ಪೇಟೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಪಿಂಗಾಣಿ ತಟ್ಟೆ, ಮುರಿದ ಗ್ರಾಮಫೋನ್ ನಡುವೆ ಬಣ್ಣ ಹೋದ ಒಂದು ವ್ಯಾನ್ ಸಿಕ್ಕರೆ ಕೈ ನಡುಗುತ್ತದೆ. ಆ ತೂಕ, ಆ ತಣ್ಣನೆ ಲೋಹ, ಬೇರೆ ಯಾವುದರಲ್ಲೂ ಇಲ್ಲ.

ಆದರೆ ತೊಂದರೆ ಎರಡು. ಒಂದು, ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗೆ ಒಳಗಿನಿಂದಲೇ ರೋಗ. ಇವು ಸತುವಿನ ಮಿಶ್ರಲೋಹದ ಎರಕ. ಅದರಲ್ಲಿ ಸೀಸದಂಥ ಕಲಬೆರಕೆ ಚೂರು ಸೇರಿದರೂ ಸಾಕು, ವರ್ಷಗಳು ಕಳೆದಂತೆ ಲೋಹ ಊದಿಕೊಳ್ಳುತ್ತದೆ, ಸೊಟ್ಟಗಾಗುತ್ತದೆ, ಬಿರುಕು ಬಿಟ್ಟು ಕೊನೆಗೆ ಕೈಯಲ್ಲೇ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಬಣ್ಣದ ಅಡಿಯಲ್ಲಿ ಕೂದಲೆಳೆ ಬಿರುಕು ಕಂಡರೆ, ಬಾನೆಟ್ ಸ್ವಲ್ಪ ಡೊಂಕಾಗಿದ್ದರೆ, ಅಂಗಡಿಯವನು ಎಷ್ಟು ಕಡಿಮೆ ಹೇಳಿದರೂ ಕೆಳಗಿಟ್ಟು ಬನ್ನಿ. ಎರಡು, ಅಳತೆ. ಯುದ್ಧದ ನಂತರದ ಡಿಂಕಿ ಕಾರುಗಳು ಹೆಚ್ಚುಕಮ್ಮಿ 1:43ರಿಂದ 1:48ರ ನಡುವೆ ಇವೆ. ಓ ಗೇಜ್ ಎಂಬ ದೊಡ್ಡ ಅಳತೆಯ ಆಟಿಕೆ ರೈಲಿನ, ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕದಿಂದ ಬಂದ ಅಳತೆ ಅದು. ನನ್ನ 19 ಮಿಲಿಮೀಟರ್ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅವನು ಎರಡು ವರ್ಷದ ಮಗು. ನಂದಿ ಹಾಲ್ಟ್ ಮುಂದೆ ಡಿಂಕಿ ನಿಲ್ಲುವುದಿಲ್ಲ, ಮುಗಿಯಿತು.

ಡಿಂಕಿಗೆ ಕಲ್ಕತ್ತಾದಲ್ಲಿ ಒಬ್ಬ ತಮ್ಮ ಇದ್ದಾನೆ, ನಿಕಿ ಟಾಯ್ಸ್. ಲಿವರ್‌ಪೂಲಿನಲ್ಲಿ ಬಳಸಿ ಬಿಟ್ಟ ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ಇಲ್ಲಿಗೆ ಬಂದು, ಅದೇ ಕಾರುಗಳು ಹೊಸ ಹೆಸರಿನಲ್ಲಿ ಹೊರಬಂದವು. ತಳದ ತಗಡು ತಿರುಗಿಸಿ ನೋಡಿ. ಎಷ್ಟೋ ಕಡೆ ಡಿಂಕಿ ಎಂಬ ಅಕ್ಷರ ಅಳಿಸಿದ ಗುರುತು ಕಾಣುತ್ತದೆ. ಬಣ್ಣ ದಪ್ಪ, ಅಂಚುಗಳು ಮೊಂಡು. ಪಕ್ಕಪಕ್ಕ ಇಟ್ಟರೆ ಇಂಗ್ಲೆಂಡಿನದ್ದೇ ನಯ, ಅನುಮಾನವಿಲ್ಲ. ಆದರೂ ಎರಡರಲ್ಲಿ ಒಂದನ್ನು ಕೊಡು ಎಂದರೆ ನಾನು ಡಿಂಕಿಯನ್ನೇ ಬಿಟ್ಟುಕೊಡುತ್ತೇನೆ. ಜಗತ್ತಿನ ಎಲ್ಲ ಸಂಗ್ರಹದಲ್ಲೂ ಡಿಂಕಿ ಇದೆ. ನಿಕಿ ನಮ್ಮ ದೇಶದ ಮಕ್ಕಳು ಮಣ್ಣಿನಲ್ಲಿ ಆಡಿ ಬಿಸಾಕಿದ ಗಾಡಿ, ಉಳಿದಿರುವುದೇ ಆಶ್ಚರ್ಯ.

ಕಾರ್ಗಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1956ರಲ್ಲಿ ಮೆಟ್ಟಾಯ್ ಕಂಪನಿ ಶುರು ಮಾಡಿತು. ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿ ಡಿಂಕಿಯವರ ನಿದ್ದೆ ಕೆಡಿಸಿತು. ಶುರುವಿನ ಕಾರುಗಳಲ್ಲೇ ಒಂದು ಮಾರಿಸ್ ಕೌಲಿ. ನಮ್ಮ ಅಂಬಾಸಿಡರ್‌ಗಿಂತ ಮುಂಚೆ ಓಡುತ್ತಿದ್ದ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್‌ಗೆ ಅದು ದಾಯಾದಿ. ಆ ಕಾಲದ ಕರ್ನಾಟಕದ ರಸ್ತೆ ಬೇಕು ಎನ್ನುವವರಿಗೆ ಕಾರ್ಗಿಯಲ್ಲಿ ಹುಡುಕಬೇಕಾದ್ದು ಅದೊಂದೇ. ಅಳತೆಯ ತಕರಾರು ಡಿಂಕಿಯದ್ದೇ.

ಮ್ಯಾಚ್‌ಬಾಕ್ಸ್ ಕಥೆ ಮಜವಾಗಿದೆ. ಲಂಡನ್ನಿನ ಲೆಸ್ನಿ ಕಂಪನಿ 1953ರಲ್ಲಿ ಶುರು ಮಾಡಿದ ಸಾಲು. ಗಾಡಿ ಎಷ್ಟೇ ದೊಡ್ಡದಿರಲಿ, ಬೆಂಕಿಪೊಟ್ಟಣದಂಥ ಡಬ್ಬಿಯೊಳಗೆ ಹಿಡಿಸಬೇಕು, ಅಷ್ಟೇ ನಿಯಮ. ಹಾಗಾಗಿ ಎರಡು ಮಹಡಿ ಬಸ್ಸೂ ಕಾರೂ ಹೆಚ್ಚುಕಮ್ಮಿ ಒಂದೇ ಉದ್ದ. ಸಂಗ್ರಹಕಾರರು ಇದನ್ನೊಂದು ದೋಷ ಎನ್ನುತ್ತಾರೆ, ನನಗೆ ಇದೇ ವರವಾಯಿತು. ಕಾರುಗಳು ಸುಮಾರು 1:64ಕ್ಕೆ ಬಂದರೆ, ದೊಡ್ಡ ಗಾಡಿಗಳು ಕುಗ್ಗಿ 1:87ರ ಹತ್ತಿರ ಬಂದು ನಿಲ್ಲುತ್ತವೆ, ಕೆಲವು ಇನ್ನೂ ಚಿಕ್ಕವು. ಸಾಲಿನ ನಂಬರ್ 1 ರೋಡ್ ರೋಲರ್. ಅದನ್ನು ತಂದು ಸ್ಟೇಷನ್ ದಾರಿಯಲ್ಲಿ, ಜಲ್ಲಿ ಗುಡ್ಡೆ ಪಕ್ಕ ನಿಲ್ಲಿಸಿದೆ. ನಮ್ಮ ಕಡೆ ರಸ್ತೆ ಪಕ್ಕ ತಿಂಗಳುಗಟ್ಟಲೆ ಕೆಟ್ಟು ನಿಂತ ರೋಲರ್ ಇಲ್ಲದ ಊರು ಉಂಟೇ? ಥೇಟ್ ಹಾಗೇ ಕಂಡಿತು. ಹಳೆ ಮ್ಯಾಚ್‌ಬಾಕ್ಸಿನ ವಯಸ್ಸು ತಿಳಿಯಲು ಚಕ್ರ ನೋಡಿ. ಮೊದಲು ಲೋಹ, ಆಮೇಲೆ ಬೂದು ಪ್ಲಾಸ್ಟಿಕ್, ಆಮೇಲೆ ಕಪ್ಪು. 1968ರಲ್ಲಿ ಹಾಟ್ ವೀಲ್ಸ್ ಬಂದು ಸರ್ ಎಂದು ಓಡಲು ಶುರುವಾದ ಮೇಲೆ ಲೆಸ್ನಿಯೂ 1969ರಲ್ಲಿ ಸೂಪರ್‌ಫಾಸ್ಟ್ ಚಕ್ರ ತಂದಿತು. ಅಲ್ಲಿಂದ ಮುಂದಿನದ್ದು ನನಗೆ ರುಚಿಸುವುದಿಲ್ಲ. ಪೆಡಸು ಚಕ್ರದ್ದೇ ಚೆಂದ.

ಇನ್ನು ಸೆಂಟಿ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ಸಿಗುವ, ಹಿಂದಕ್ಕೆಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಗಾಡಿ. ಸಂಗ್ರಹಕಾರರು ಮೂಗು ಮುರಿಯುತ್ತಾರೆ. ಸುಮ್ನೆ ಮುರಿಯುತ್ತಾರೆ ಎನ್ನುತ್ತೇನೆ. ಅಂಬಾಸಿಡರ್, ಆಟೊ, ಓಮ್ನಿ, ಲಾರಿ, ಇಷ್ಟನ್ನೂ ಒಂದೇ ಕಪಾಟಿನಲ್ಲಿ ಕೊಡುವವರು ಬೇರೆ ಯಾರಿದ್ದಾರೆ? ಇಂಗ್ಲೆಂಡಿನವರಿಗೆ ಜಾಗ್ವಾರ್ ಮೇಲೆ ಪ್ರೀತಿ, ನಮ್ಮ ಆಟೊ ಅವರಿಗೆ ಯಾಕೆ? ಗ್ರಿಲ್, ಬಂಪರ್ ಕೆಲಸ ದುಡ್ಡಿಗೆ ಹೋಲಿಸಿದರೆ ಅಚ್ಚರಿ. ಬಾಗಿಲ ಸಂದು ಅಗಲ, ಬಣ್ಣಕ್ಕಿಂತ ಸ್ಟಿಕ್ಕರ್ ಜಾಸ್ತಿ, ಮೋಟಾರಿಗೆ ಜಾಗ ಬೇಕೆಂದು ಒಳಗಿನ ನೆಲ ಎತ್ತರ. ಅಳತೆಯಂತೂ ಡಿಂಕಿಗಿಂತಲೂ ದೊಡ್ಡದು, ನನ್ನ ಎಚ್‌ಓ ಆಸಾಮಿ ಅಂಬಾಸಿಡರ್ ಎತ್ತರದ ಅರ್ಧವೂ ಬರುವುದಿಲ್ಲ. ಹೊರಗೆ ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಆದರೆ ಇವತ್ತು ಪೆಟ್ಟಿಗೆ ಸಮೇತ ಎತ್ತಿಡಬೇಕಾದ್ದು ಯಾವುದು ಎಂದು ಕೇಳಿದರೆ ನನ್ನ ಉತ್ತರ ಸೆಂಟಿಯ ಅಂಬಾಸಿಡರ್ರೇ. ನಿಜವಾದ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ.

ಕೊಳ್ಳುವಾಗ ಒಂದು ಎಚ್ಚರ. ಹೊಸದಾಗಿ ಬಣ್ಣ ಬಳಿದು ಹಳೆಯದು ಎಂದು ಮಾರುವವರು ಜಾಸ್ತಿಯಾಗಿದ್ದಾರೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ನನಗೆ ಕಳಿಸಿದ ವ್ಯಾನಿನ ತಳದ ರಿವೆಟ್ ಕೊರೆದು ಮತ್ತೆ ಕೂರಿಸಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಚಕ್ರದ ಅಚ್ಚಿನ ತುದಿಗೂ ಬಣ್ಣ ಮೆತ್ತಿದೆಯಾ, ಗೀರಿನ ಒಳಗೆ ಬೇರೆ ಬಣ್ಣ ಇಣುಕುತ್ತಿದೆಯಾ ನೋಡಿ. ಡಬ್ಬಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಂಪ್ಯೂಟರ್ ಪ್ರಿಂಟರಿನ ಚುಕ್ಕಿಗಳು ಸಿಕ್ಕಿಬೀಳುತ್ತವೆ. ಬಣ್ಣ ಅರ್ಧ ಹೋಗಿದ್ದರೂ ಮೂಲದ್ದೇ ಮೇಲು.

ಈಗ ಜನರ ಕಡೆ ಬರೋಣ. ಇಲ್ಲಿ ಪೈಪೋಟಿ ನಿಜವಾಗಿ ಇರುವುದು ಪ್ರೈಸರ್‌ಗೂ ಚೀನಾದ ಚೀಲಕ್ಕೂ.

ಪ್ರೈಸರ್ ಜರ್ಮನಿಯದ್ದು, 1949ರಿಂದ ಇದೇ ಕೆಲಸ ಮಾಡಿಕೊಂಡು ಬಂದವರು. ಒಂದು ಸಣ್ಣ ಸೆಟ್ಟಿನಲ್ಲಿ ಐದಾರು ಜನ, ಕೈಯಲ್ಲಿ ಬಣ್ಣ ಹಾಕಿದವರು. ಒಬ್ಬ ಗಡಿಯಾರ ನೋಡುತ್ತಾನೆ, ಒಬ್ಬಳು ಚೀಲ ಎತ್ತಲು ಬಗ್ಗಿದ್ದಾಳೆ. 19 ಮಿಲಿಮೀಟರಿನಲ್ಲಿ ಅವಸರ, ಬೇಸರ ಎರಡೂ ಕಾಣುತ್ತವೆ ಎಂದರೆ ನಂಬಬೇಕು. ಆದರೆ ಅಂಚೆ, ಸುಂಕ ಎಲ್ಲ ಸೇರಿ ಇಲ್ಲಿಗೆ ಬರುವಷ್ಟರಲ್ಲಿ ಒಬ್ಬೊಬ್ಬನ ರೇಟು ಕೇಳಿದರೆ ಮನೆಯಲ್ಲಿ ಜಗಳ. ಅದಕ್ಕೆ ದಾರಿ ಬಣ್ಣ ಹಾಕದ ದೊಡ್ಡ ಸೆಟ್. ನೂರಕ್ಕೂ ಹೆಚ್ಚು ಜನ ಸಿಗುತ್ತಾರೆ, ಬಣ್ಣ ನಾವೇ ಹಾಕಿಕೊಳ್ಳಬೇಕು. ಗಟ್ಟಿ ಪ್ಲಾಸ್ಟಿಕ್ ಆದ್ದರಿಂದ ಬ್ಲೇಡಿನಲ್ಲಿ ಕೈ ಕತ್ತರಿಸಿ ಬೇರೆ ಕೋನದಲ್ಲಿ ಅಂಟಿಸಬಹುದು.

ಚೀನಾದ ಚೀಲ ಎಂದರೆ ಕಟ್ಟಡ ಮಾದರಿ ಮಾಡುವ ಆರ್ಕಿಟೆಕ್ಟ್ ಹುಡುಗರು ತರಿಸುವ ಮಾಲು. ನೂರು ಜನ ಒಂದು ಚೀಲದಲ್ಲಿ, ಒಂದು ಪ್ರೈಸರ್ ಸೆಟ್ಟಿಗಿಂತ ಕಡಿಮೆ ದುಡ್ಡು. ಹೊರಗೆ 1:87 ಎಂದು ಬರೆದಿರುತ್ತದೆ. ಅಳೆದರೆ ಒಬ್ಬ 17, ಒಬ್ಬ 21. ಇದು ನನಗೆ ದೋಷ ಅನಿಸಲೇ ಇಲ್ಲ, ನಿಜವಾದ ಪ್ಲಾಟ್‌ಫಾರ್ಮಿನಲ್ಲೂ ಕುಳ್ಳ, ಉದ್ದ ಇರುತ್ತಾರೆ. ದೋಷ ಇರುವುದು ಭಂಗಿಯಲ್ಲಿ. ಅದೇ ಕೆಲವೇ ಅಚ್ಚುಗಳು ಮತ್ತೆ ಮತ್ತೆ, ಬೇರೆ ಬೇರೆ ಬಣ್ಣದ ಅಂಗಿಯಲ್ಲಿ. ಮುಖ ಇಲ್ಲ, ಹೊಳಪು ಜಾಸ್ತಿ. ಮ್ಯಾಟ್ ವಾರ್ನಿಷ್ ಒಂದು ಸಲ ಊದಿ, ತೆಳ್ಳಗೆ ಕಂದು ಬಣ್ಣದ ನೀರು ಬಿಟ್ಟರೆ ಅರ್ಧ ಸರಿಹೋಗುತ್ತದೆ. ಎರಡಡಿ ದೂರದಿಂದ ನೋಡಿದರೆ ಪ್ರೈಸರ್‌ಗೂ ಇದಕ್ಕೂ ಗೆರೆ ಎಳೆಯುವುದು ಕಷ್ಟ. ಹಾಗಾಗಿ ನನ್ನ ಹಲಗೆಯ ಮುಂಭಾಗದಲ್ಲಿ, ಕಣ್ಣು ಮೊದಲು ಬೀಳುವ ಕಡೆ ಪ್ರೈಸರ್. ಹಿಂದಿನ ಗುಂಪೆಲ್ಲ ಚೀಲದವರು.

ಹಳೆ ಏರ್‌ಫಿಕ್ಸ್ ಜನರನ್ನೂ ನೋಡಿದೆ. ಮೆತ್ತನೆ ಪ್ಲಾಸ್ಟಿಕ್, ಸ್ವಲ್ಪ ಬಗ್ಗಿಸಿದರೆ ಬಣ್ಣ ಸಿಪ್ಪೆ ಸುಲಿಯುತ್ತದೆ. ಓಓ ಅಳತೆಯ ಪಕ್ಕದಲ್ಲಿ ನಮ್ಮವರು ಕುಳ್ಳರು. ಬೇಡ. ಸೀಸದ ಹಳೆ ಗೊಂಬೆಗಳು ಷೋಕೇಸಿಗೆ ಮಾತ್ರ, ಮಕ್ಕಳ ಕೈಗೆ ಖಂಡಿತ ಕೊಡಬಾರದು. ಅದೂ ಮುಚ್ಚಿದ ಮರದ ಬೀರುವಿನಲ್ಲಿ ಬೇಡ. ಕೆಲವು ಮರಗಳಿಂದ ಬರುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ.

ಎರಡು ಕಡೆಯವರಲ್ಲೂ ನಮ್ಮ ಜನ ಇಲ್ಲ, ಅದೇ ದೊಡ್ಡ ಕೊರತೆ. ಎಲ್ಲರೂ ಕೋಟು ಪ್ಯಾಂಟು, ಕೈಯಲ್ಲಿ ಸೂಟ್‌ಕೇಸು. ನಂದಿ ಹಾಲ್ಟಿನಲ್ಲಿ ಇವರಿಗೇನು ಕೆಲಸ? ಪರಿವರ್ತನೆ ಮಾಡಬೇಕು. ಉದ್ದ ಲಂಗದ ಹೆಂಗಸರನ್ನು ಆರಿಸಿ, ಟಿಶ್ಯೂ ಪೇಪರಿನ ಒಂದು ಪದರ ಬಿಡಿಸಿ, ನೀರು ಬೆರೆಸಿದ ಬಿಳಿ ಗಮ್ಮಿನಲ್ಲಿ ಅದ್ದಿ ಹೆಗಲ ಮೇಲಿಂದ ಇಳಿಬಿಟ್ಟರೆ ಸೆರಗು. ಒಣಗಿದ ಮೇಲೆ ಬಣ್ಣ, ಅಂಚಿಗೆ ಒಂದೆಳೆ ಹಳದಿ. ಗಂಡಸರ ಪ್ಯಾಂಟಿನ ಎರಡು ಕಾಲಿನ ನಡುವೆ ಅದೇ ಕಾಗದ ತುಂಬಿ ಬಿಳಿ ಬಳಿದರೆ ಪಂಚೆ. ಟೋಪಿ ಇದ್ದವನಿಗೆ ದಾರ ಸುತ್ತಿದರೆ ಪೇಟ. ಈ ಕೆಲಸಕ್ಕೆ ಚೀಲದವರೇ ಸರಿ. ಪ್ರೈಸರ್ ಮೇಲೆ ಬ್ಲೇಡು ಇಡಲು ಕೈ ಬರುವುದಿಲ್ಲ, ಚೀಲದವನ ತಲೆ ಹಾರಿದರೆ ಇನ್ನೊಬ್ಬ ಇದ್ದಾನೆ.

ಸಾಮಾನಂತೂ ಅಡುಗೆಮನೆಯಲ್ಲೇ ಇದೆ. ಒಂದು ರಾಗಿ ಕಾಳು ಒಂದೂವರೆ ಮಿಲಿಮೀಟರ್ ಎಂದುಕೊಳ್ಳಿ, 87ರಿಂದ ಗುಣಿಸಿದರೆ ಸುಮಾರು 13 ಸೆಂಟಿಮೀಟರ್. ಹಸಿರು ಬಳಿದರೆ ಎಳನೀರು ರಾಶಿ. ಗಸಗಸೆಗೆ ಕೆಂಪು ಬಳಿದು ಕಾಗದದ ಕ್ರೇಟಿನಲ್ಲಿ ತುಂಬಿದರೆ ಕೋಲಾರದ ಟೊಮೆಟೊ. ಸ್ವಲ್ಪ ದಪ್ಪ ಕಾಣುತ್ತದೆ, ಒಳ್ಳೆ ಫಸಲು ಎಂದುಕೊಳ್ಳಬಹುದು. ನ್ಯಾರೋ ಗೇಜ್ ಕಾಲಕ್ಕೆ ಪ್ಲಾಸ್ಟಿಕ್ ಕ್ರೇಟು ಇರಲಿಲ್ಲ ಎಂದು ತಕರಾರು ತೆಗೆಯುವವರಿಗೆ ಬಿದಿರು ಬುಟ್ಟಿ ಮಾಡಿಕೊಡುತ್ತೇನೆ. ವಾರ್ನಿಷ್ ಮಾತ್ರ ಮರೆಯಬೇಡಿ, ಇರುವೆಗಳಿಗೆ ಅಳತೆಯ ಹಂಗಿಲ್ಲ.

ದಸರಾ ಗೊಂಬೆ ಕೂರಿಸುವ ಮನೆಯಾದರೆ ಮೇಲಿನ ಲೆಕ್ಕವೆಲ್ಲ ಪಕ್ಕಕ್ಕಿಡಿ. ಗೊಂಬೆ ಮೆಟ್ಟಿಲ ಮುಂದೆ ಮಾಡುವ ಪಾರ್ಕಿನಲ್ಲಿ ಆನೆಗಿಂತ ಗಿಳಿ ದೊಡ್ಡದಿದ್ದರೂ ಯಾರೂ ಕೇಳುವುದಿಲ್ಲ. ಅಲ್ಲಿ ಸೆಂಟಿ ಆಟೊನೇ ರಾಜ. ಪಕ್ಕದ ಮನೆ ಮಕ್ಕಳು ಅದನ್ನೇ ಎಳೆದು ಬಿಡುತ್ತಾರೆ, ಡಿಂಕಿಯನ್ನು ಆ ಒಂಬತ್ತು ದಿನ ಬೀರುವಿಗೆ ಹಾಕಿ ಬೀಗ ಜಡಿಯಿರಿ.