ಟೆಫ್ಲಾನೋ, ಆರ್ಗಾನೋ? ಎರಡು ಪ್ಲಾಸ್ಮಾ ಥ್ರಸ್ಟರ್ ಓಡಿಸಿ ನೋಡಿದೆವು

ಮೈಸೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಒಂದೇ ವ್ಯಾಕ್ಯೂಮ್ ಚೇಂಬರಿನೊಳಗೆ (ಗಾಳಿ ಹೀರಿ ತೆಗೆದ ಪೆಟ್ಟಿಗೆ), ಬಾಹ್ಯಾಕಾಶದಲ್ಲಿ ಉಪಗ್ರಹಗಳನ್ನು ನೂಕುವ ಎರಡು ಥ್ರಸ್ಟರ್‌ಗಳನ್ನು ಸರದಿಯ ಮೇಲೆ ಇಟ್ಟು ನೋಡಿದೆವು. ಒಂದು ಟೆಫ್ಲಾನಿನ ಪಲ್ಸ್ಡ್ (ಬಿಟ್ಟು ಬಿಟ್ಟು ಏಟು ಕೊಡುವ) ಥ್ರಸ್ಟರ್. ಇನ್ನೊಂದು ಆರ್ಗಾನ್ ಅನಿಲದ ಪುಟ್ಟ ಹಾಲ್ ಥ್ರಸ್ಟರ್.

ಟೆಫ್ಲಾನಿನದು ಸರಳ. 2 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 1500 ವೋಲ್ಟ್ ತುಂಬಿಸಿ ಸಣ್ಣ ಕಿಡಿ ಹಾರಿಸಿದರೆ ಸಾಕು. ಟೆಫ್ಲಾನಿನ ಮೈ ಚೂರೇ ಚೂರು ಆವಿಯಾಗಿ ಪ್ಲಾಸ್ಮಾ, ಅಂದರೆ ಕರೆಂಟು ಹರಿಯಬಲ್ಲ ಅನಿಲ, ಆಗುತ್ತದೆ. ಅದರಲ್ಲಿ ಹರಿಯುವ ಕರೆಂಟೇ ಕಾಂತಕ್ಷೇತ್ರ ಹುಟ್ಟಿಸಿ ಅದನ್ನು ಹೊರಗೆ ದಬ್ಬುತ್ತದೆ. ಟ್ಯಾಂಕ್ ಇಲ್ಲ, ವಾಲ್ವ್ ಇಲ್ಲ. 1964ರಲ್ಲೇ ಸೋವಿಯತ್ ಝೋಂಡ್-2 ನೌಕೆ ಇಂಥದ್ದನ್ನು ಹೊತ್ತು ಹೋಗಿತ್ತು. ಸೆಕೆಂಡಿಗೊಂದು ಏಟು ಕೊಟ್ಟಾಗ ನಮಗೆ ಸಿಕ್ಕ ಸರಾಸರಿ ನೂಕು ಸುಮಾರು 30 ಮೈಕ್ರೋನ್ಯೂಟನ್. ಒಂದು ರಾಗಿ ಕಾಳಿನ ತೂಕ, ಅಷ್ಟೇ! ಕಿಡಿ ಆರಿದ ಮೇಲೂ ಬಿಸಿ ಟೆಫ್ಲಾನ್ ಸುಮ್ನೆ ಆವಿಯಾಗುತ್ತಲೇ ಇರುತ್ತದೆ. ಆ ಆವಿ ನಿಧಾನ, ಹೆಚ್ಚೇನೂ ನೂಕುವುದಿಲ್ಲ. ನನಗೆ ಹೊಟ್ಟೆ ಉರಿದದ್ದು ಈ ದಂಡಕ್ಕೇ. ಆಮೇಲೆ ಅಂಚಿನಲ್ಲಿ ಮಸಿಯೂ ಕಟ್ಟಿತು.

ಹಾಲ್ ಥ್ರಸ್ಟರ್ ಬೇರೆಯೇ ಜಾತಿ. ಉಂಗುರದಂಥ ಕಾಲುವೆ, ಅದಕ್ಕೆ ಅಡ್ಡಲಾಗಿ ಕಾಂತಕ್ಷೇತ್ರ. ಎಲೆಕ್ಟ್ರಾನ್‌ಗಳು ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತವೆ, ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ಅಂದರೆ ಭಾರದ ಅಯಾನ್‌ಗಳು ಹೊರಗೆ ಹಾರುತ್ತವೆ. ನೂಕು ನೂರಕ್ಕೂ ಜಾಸ್ತಿ ರಾಗಿ ಕಾಳಿನಷ್ಟು ಬಂತು.

ಆದರೆ ಹಾಲ್ ಥ್ರಸ್ಟರಿಗೆ ಸಾಮಾನ್ಯವಾಗಿ ಬಳಸುವ ಝೆನಾನ್ ಅನಿಲ ನಮ್ಮ ಕೈಗೆಟುಕಲಿಲ್ಲ. ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ವೆಲ್ಡಿಂಗಿನ ಆರ್ಗಾನ್ ಸಿಲಿಂಡರ್ ತಂದೆವು. ಅಯಾನ್ ಆಗಲು ಬೇಕಾದ ಶಕ್ತಿ ನೋಡಿ: ಝೆನಾನಿಗೆ 12.1 ಎಲೆಕ್ಟ್ರಾನ್‌ವೋಲ್ಟ್ ಸಾಕು, ಆರ್ಗಾನಿಗೆ 15.8 ಬೇಕು. ಹಗುರ ಬೇರೆ, ಅಯಾನ್ ಆಗುವ ಮೊದಲೇ ಕಾಲುವೆ ದಾಟಿಬಿಡುತ್ತದೆ. ಹಾಗಾಗಿ ಜಾಸ್ತಿ ಅನಿಲ ಬಿಡಬೇಕಾಯಿತು. ಬಿಟ್ಟಷ್ಟೂ ಚೇಂಬರಿನ ಒತ್ತಡ ಏರಿತು, ಪಂಪು ಸೋತಿತು. ಒತ್ತಡ ಏರಿದರೆ ಥ್ರಸ್ಟರ್ ಚೇಂಬರಿನ ಅನಿಲವನ್ನೇ ನುಂಗಿಕೊಂಡು ಬಾಹ್ಯಾಕಾಶದಲ್ಲಿ ಸಿಗದ ನೂಕನ್ನು ತೋರಿಸುತ್ತದೆ. ಆ ಅಳತೆ ನಂಬೋದು ಹೇಗೆ, ಅಲ್ವಾ? ಟೆಫ್ಲಾನಿಗೆ ಈ ತಾಪತ್ರಯವಿಲ್ಲ. ಎರಡು ಏಟುಗಳ ನಡುವೆ ಪಂಪಿಗೆ ಬಿಡುವು ಸಿಗುತ್ತದೆ.

ಕೆಲವೇ ವ್ಯಾಟ್ ಸಿಗುವ ಪುಟ್ಟ ಉಪಗ್ರಹಕ್ಕೆ ನನ್ನ ಓಟು ಟೆಫ್ಲಾನಿಗೆ. ದೂರದ ದಾರಿಗೆ ಹಾಲ್ ಬೇಕು. 2003ರಲ್ಲಿ ಹೊರಟ ಯುರೋಪಿನ ಸ್ಮಾರ್ಟ್-1 ಒಂದೇ ಹಾಲ್ ಥ್ರಸ್ಟರ್ ನಂಬಿ ಚಂದ್ರನನ್ನು ಮುಟ್ಟಿತು.

ಹಾಲ್ ಥ್ರಸ್ಟರಿನ ಕರೆಂಟು ಆಸಿಲೋಸ್ಕೋಪಿನಲ್ಲಿ ಸೆಕೆಂಡಿಗೆ ಸುಮಾರು 20 ಸಾವಿರ ಸಲ ಏರಿಳಿದದ್ದನ್ನು ಮಾತ್ರ ಮರೆಯಲಾರೆ. ಕಾಲುವೆಯ ಅನಿಲ ಖಾಲಿಯಾಗಿ, ಮತ್ತೆ ತುಂಬಿ, ಮತ್ತೆ ಖಾಲಿಯಾಗುವ ಉಸಿರಾಟ ಅದು. ದೊಡ್ಡ ಪಂಪು ಬಂದ ದಿನ ಮೊದಲು ಆ ಹಾಲ್ ಥ್ರಸ್ಟರನ್ನೇ ಮತ್ತೆ ಹೊತ್ತಿಸುತ್ತೇವೆ.